ಮೊದಲು ನೀರೋ, ಮೊದಲು ಬಿಸಿಯೋ?

ಹೊಳೆನರಸೀಪುರದಲ್ಲಿರುವ ಅಕ್ಕನ ಮಗ ಭಾನುವಾರ ಬೆಳಗ್ಗೆಯೇ ಫೋನ್ ಮಾಡಿದನೆಂದರೆ ಎರಡರಲ್ಲಿ ಒಂದು. ಅಕ್ಕ ಏನೋ ವಿಶೇಷ ಅಡುಗೆ ಮಾಡಿರುತ್ತಾಳೆ, ಇಲ್ಲವೇ ಅವನ ಕಾರು ಏನೋ ತಕರಾರು ತೆಗೆದಿರುತ್ತದೆ. ಆ ದಿನ ಎರಡನೆಯದು. "ಮಾವ, ಗಾಡಿ ನೀರು ಕುಡೀತದೆ. ಕೆಳಗೆ ಒಂದು ತೊಟ್ಟೂ ಬಿದ್ದಿರಲ್ಲ. ಆದ್ರೂ ವಾರಕ್ಕೆ ಅರ್ಧ ಲೀಟರ್ ಮಾಯ. ಶಿರಾಡಿ ಘಾಟಿ ಹತ್ತಿದ್ರೆ ಹೀಟ್ ಆಯ್ತದೆ" ಅಂದ.

ಅವನದು ಒಂದು ಲೀಟರಿನ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಗಾಡಿ. ಕಂಪನಿಯಿಂದ ಬಂದಾಗ 110 ಅಶ್ವಶಕ್ತಿ. ಹುಡುಗನಿಗೆ ಅದು ಸಾಲಲಿಲ್ಲ. ಇಂಜಿನ್ನಿನ ಕಂಪ್ಯೂಟರಿಗೆ ಹೊಸ ಮ್ಯಾಪ್ ಹಾಕಿಸಿದ, ಟರ್ಬೊ ಒತ್ತಡ ಏರಿಸಿದ, ಹೊಗೆ ಸಲೀಸಾಗಿ ಹೊರಬೀಳಲೆಂದು ಅಗಲದ ಡೌನ್‌ಪೈಪ್ ಕೂರಿಸಿದ, ಟರ್ಬೊ ಒತ್ತುವ ಗಾಳಿ ತಣಿಸಲು ಬಂಪರಿನ ಹಿಂದೆ ದೊಡ್ಡದೊಂದು ಇಂಟರ್‌ಕೂಲರ್ ಕಟ್ಟಿಸಿದ. ಶಕ್ತಿ 150ರ ಆಸುಪಾಸಿಗೆ ಬಂತು. ರೇಡಿಯೇಟರ್ ಮಾತ್ರ ಹಳೆಯದೇ. ಲಾಯಕ್ಕೆ ಹೊಸದಾಗಿ ನಲವತ್ತು ಕುದುರೆ ಬಂದವು, ನೀರಿನ ಬಾನಿ ಮೊದಲಿದ್ದಷ್ಟೇ ಉಳಿಯಿತು.

ನನಗೆ ಫೋನ್ ಮಾಡುವ ಹೊತ್ತಿಗೆ ಅವನು ನಾಲ್ಕು ಕಡೆ ತೋರಿಸಿ ನಾಲ್ಕು ಮಾತು ಕೇಳಿಸಿಕೊಂಡಿದ್ದ. ಒಬ್ಬರು ಥರ್ಮೋಸ್ಟಾಟ್ ತೆಗೆದು ಬಿಸಾಡು ಅಂದರು. ಇನ್ನೊಬ್ಬರು 'ವಾಟರ್ ಬಾಡಿ' ಬದಲಿಸು ಅಂದರು. ನೀರಿನ ಪಂಪಿಗೆ ನಮ್ಮ ಗ್ಯಾರೇಜುಗಳಲ್ಲಿ ಹೇಳುವ ಹೆಸರು ಅದು. ಮೂರನೆಯವರು ಸೋರಿಕೆ ಮುಚ್ಚುವ ಡಬ್ಬಿ ಕೊಟ್ಟರು. ನಾಲ್ಕನೆಯವರು ಹಳೇ ಲಾರಿ ಕಾಲದವರು, ಒಂದು ಹಿಡಿ ಅರಿಶಿನಪುಡಿ ಹಾಕು ಸಾಕು ಅಂದರು. ಯಾರೂ ಕೇಳದೇ ಉಳಿದದ್ದು ಒಂದೇ ಪ್ರಶ್ನೆ: ಬಿಸಿ ಆಗುವುದು ಯಾವಾಗ?

ಬೀಜ ಮೊದಲೋ ಮರ ಮೊದಲೋ ಎಂಬುದು ಹಿರಿಯರ ಹಳೆಯ ಜಿಜ್ಞಾಸೆ. ಕಾರಿನಲ್ಲಿ ಅದೇ ಪ್ರಶ್ನೆ ಬೇರೆ ವೇಷ ಹಾಕಿ ಬರುತ್ತದೆ. ನೀರು ಹೋದದ್ದರಿಂದ ಬಿಸಿಯಾಯಿತೇ, ಬಿಸಿಯಾದದ್ದರಿಂದ ನೀರು ಹೋಯಿತೇ? ಕೊನೆಗೆ ಕಾಣುವ ದೃಶ್ಯ ಎರಡರಲ್ಲೂ ಒಂದೇ: ಬಾನೆಟ್ ಎತ್ತಿ ರಸ್ತೆ ಬದಿ ನಿಂತ ಗಾಡಿ, ಏಳುತ್ತಿರುವ ಹಬೆ, ಕೈಯಲ್ಲಿ ಬಿಸ್ಲೆರಿ ಬಾಟಲಿ. ಆದರೆ ರಿಪೇರಿ ಎರಡಕ್ಕೂ ಬೇರೆ ಬೇರೆ. ಬೀಜವನ್ನು ಬಿಟ್ಟು ಮರಕ್ಕೆ ಔಷಧ ಹೊಡೆದರೆ ಮುಂದಿನ ಘಾಟಿಯಲ್ಲಿ ಅದೇ ಬಾಟಲಿ, ಅದೇ ಹಬೆ.

ಮೊದಲು ಒಂದು ವಿಷಯ ಮನಸ್ಸಿಗೆ ಬರಬೇಕು. ಇಂದಿನ ಕಾರಿನ ಕೂಲೆಂಟ್ ವ್ಯವಸ್ಥೆ ಮುಚ್ಚಿದ ವ್ಯವಸ್ಥೆ. ಪೆಟ್ರೋಲಿನಂತೆ ಅದು ಖರ್ಚಾಗುವ ಪದಾರ್ಥವಲ್ಲ. ಸಣ್ಣ ಕಾರಿನಲ್ಲಿ ಐದಾರು ಲೀಟರ್ ಇರುತ್ತದೆ, ಅದೇ ನೀರು ಸುತ್ತಿ ಸುತ್ತಿ ಬರುತ್ತದೆ. ವಾರಕ್ಕೆ ಅರ್ಧ ಲೀಟರ್ ಹೋಗುತ್ತಿದೆ ಎಂದರೆ ಎಲ್ಲೋ ದಾರಿ ಆಗಿದೆ. ಅದು ಎಲ್ಲೋ ಸೋರುತ್ತಿರಬೇಕು, ಇಂಜಿನ್ನಿನೊಳಗೆ ಸುಟ್ಟುಹೋಗುತ್ತಿರಬೇಕು, ಎಣ್ಣೆಗೆ ಸೇರುತ್ತಿರಬೇಕು, ಇಲ್ಲವೇ ಮುಚ್ಚಳದ ಮೂಲಕ ಹೊರಗೆ ಉಗುಳಲ್ಪಡುತ್ತಿರಬೇಕು. ಐದನೆಯ ದಾರಿ ಇಲ್ಲ. 'ಗಾಡಿ ನೀರು ಕುಡೀತದೆ' ಎಂಬ ಮಾತು ರೋಗದ ಹೆಸರಲ್ಲ, ದೂರು ಅಷ್ಟೇ.

ಮುಚ್ಚಳದ ಕೆಲಸ ತಿಳಿಯಲು ಅಡುಗೆಮನೆಯ ಕುಕ್ಕರ್ ಸಾಕು. ಒತ್ತಡ ಹೆಚ್ಚಿದಷ್ಟೂ ನೀರು ಕುದಿಯುವ ಮಟ್ಟ ಮೇಲೇರುತ್ತದೆ. ಕೂಲೆಂಟ್ ಮುಚ್ಚಳದ ಸ್ಪ್ರಿಂಗು ಸಾಮಾನ್ಯವಾಗಿ 1ರಿಂದ 1.5 ಬಾರ್‌ವರೆಗೆ ಒತ್ತಡ ಹಿಡಿದಿಡುತ್ತದೆ. ಅರ್ಧ ನೀರು, ಅರ್ಧ ಕೂಲೆಂಟ್ ಇರುವ ಮಿಶ್ರಣ ಆ ಒತ್ತಡದಲ್ಲಿ 125 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಸತ್ತಿದ್ದರೆ ಈ ರಕ್ಷಣೆ ಪೂರ್ತಿ ಹೋಯಿತು. ಹಾಸನ ಇರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ; ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಇಂಜಿನ್ ಆರೋಗ್ಯವಾಗಿ ಓಡುವುದೇ 90ರಿಂದ 105 ಡಿಗ್ರಿಯಲ್ಲಿ. ಅಂದರೆ ಕೆಟ್ಟ ಮುಚ್ಚಳವೂ ಬರೀ ನೀರೂ ಸೇರಿದರೆ, ಯಾವ ದೋಷವೂ ಇಲ್ಲದ ಇಂಜಿನ್ನಿನಲ್ಲೂ ನೀರು ಕುದಿಯಬಹುದು. ಬೇರೆಲ್ಲಕ್ಕಿಂತ ಮೊದಲು ಆ ಚಿಕ್ಕ ಮುಚ್ಚಳವನ್ನು ಬದಲಿಸಿ ನೋಡಿ ಎನ್ನುವುದು ಇದಕ್ಕೇ.

ಇನ್ನು ಶಾಖದ ಲೆಕ್ಕ. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ಮುಟ್ಟುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಉಳಿದದ್ದರಲ್ಲಿ ದೊಡ್ಡ ಭಾಗ ಸೈಲೆನ್ಸರಿನಲ್ಲಿ ಹೋಗುತ್ತದೆ, ಇನ್ನೊಂದು ದೊಡ್ಡ ಭಾಗ ಕೂಲೆಂಟಿನ ತಲೆಗೆ ಬರುತ್ತದೆ. ನಲವತ್ತು ಅಶ್ವಶಕ್ತಿ ಎಂದರೆ 30 ಕಿಲೋವ್ಯಾಟ್. ಅಷ್ಟು ಹೆಚ್ಚುವರಿ ಶಕ್ತಿಯನ್ನು ಪೂರ್ತಿ ಹಿಂಡಿದಾಗ ಕೂಲೆಂಟಿಗೆ ಬೀಳುವ ಹೆಚ್ಚುವರಿ ಶಾಖ, ಒರಟು ಲೆಕ್ಕದಲ್ಲಿ, ಬಚ್ಚಲುಮನೆಯ ಹತ್ತು ಗೀಸರುಗಳಷ್ಟು. ಸಪಾಟು ರಸ್ತೆಯಲ್ಲಿ ಹದವಾಗಿ ಓಡಿಸಲು ಸಣ್ಣ ಕಾರಿಗೆ ಹದಿನೈದಿಪ್ಪತ್ತು ಅಶ್ವಶಕ್ತಿ ಧಾರಾಳ. ಹಾಗಾಗಿ ಹೊಳೆನರಸೀಪುರದಿಂದ ಹಾಸನಕ್ಕೆ ದಿನಾ ಕೆಲಸಕ್ಕೆ ಓಡಾಡುವಾಗ ಆ ಗೀಸರುಗಳು ಆರಿಯೇ ಇರುತ್ತವೆ. ಏರಿನಲ್ಲಿ ಆಕ್ಸಿಲರೇಟರ್ ತುಳಿದಾಗ ಹತ್ತೂ ಒಟ್ಟಿಗೆ ಹತ್ತಿಕೊಳ್ಳುತ್ತವೆ.

ಆದ್ದರಿಂದ ನಾನು ಅವನಿಗೆ ಹೇಳಿದೆ, "ಸ್ಪ್ಯಾನರ್ ಮುಟ್ಟಬೇಡ. ಒಂದು ವಾರ ಬರೆದಿಡು. ಎಲ್ಲಿ ಹೋದೆ, ಎಷ್ಟು ಡಿಗ್ರಿ ಬಂತು, ಬೆಳಗ್ಗೆ ಕೂಲೆಂಟ್ ತೊಟ್ಟಿಯಲ್ಲಿ ಎಷ್ಟು ಮಟ್ಟ ಇತ್ತು." ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡ ಎಂದೂ ಹೇಳಿದೆ. ಇವತ್ತಿನ ಬಹುಪಾಲು ಕಾರುಗಳಲ್ಲಿ ಆ ಮುಳ್ಳು ಮಾಲೀಕನ ಸಮಾಧಾನಕ್ಕೆ ಇರುವುದು. ನೀರು 80 ಇರಲಿ, 100 ಇರಲಿ, ಮುಳ್ಳು ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಅದು ಕದಲುವ ಹೊತ್ತಿಗೆ ತಡವಾಗಿರುತ್ತದೆ. ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸುವ ಓಬಿಡಿ ರೀಡರ್ ಮೊಬೈಲಿನಲ್ಲಿ ನಿಜವಾದ ಡಿಗ್ರಿ ತೋರಿಸುತ್ತದೆ. ಇನ್ನೊಂದು ಮೋಸವೂ ಇದೆ. ನೀರು ಪೂರ್ತಿ ಇಳಿದುಹೋದರೆ ಸೆನ್ಸರ್ ಗಾಳಿಯಲ್ಲಿ ಉಳಿಯುತ್ತದೆ, ಆಗ ಮುಳ್ಳು ಏರುವ ಬದಲು ಇಳಿಯಬಹುದು. ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತದೆ. ಮುಳ್ಳು ಇಳಿದದ್ದನ್ನು ಕಂಡು 'ತಣ್ಣಗಾಯ್ತು' ಎಂದು ಓಡಿಸಿದವರ ಇಂಜಿನ್ ಅಲ್ಲಿಗೇ ಮುಗಿಯಿತು.

ಈ ಪರೀಕ್ಷೆಗೆ ಹಾಸನ ಜಿಲ್ಲೆಯಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ. ಇಲ್ಲಿನ ಒಂದೊಂದು ರಸ್ತೆಯೂ ಒಂದೊಂದು ಪ್ರಶ್ನೆ ಕೇಳುತ್ತದೆ.

ಹಾಸನದ ಎನ್.ಆರ್. ವೃತ್ತದಲ್ಲಿ ಸಂಜೆ ಆರರ ಟ್ರಾಫಿಕ್ ಕೇಳುವುದು ಫ್ಯಾನಿನ ಪ್ರಶ್ನೆ. ಗಾಡಿ ನಿಂತಿರುವಾಗ ರೇಡಿಯೇಟರಿಗೆ ಗಾಳಿ ಎಳೆದುಕೊಡುವುದು ಫ್ಯಾನ್ ಒಂದೇ. ನಿಂತಾಗ ಬಿಸಿಯೇರಿ, ಹೊರಟ ಮೇಲೆ ಇಳಿದರೆ ಫ್ಯಾನ್, ಅದರ ರಿಲೇ, ವೈರಿಂಗ್, ಇಲ್ಲವೇ ಫ್ಯಾನಿನ ಸುತ್ತಲ ಪ್ಲಾಸ್ಟಿಕ್ ಕವಚ ನೋಡಬೇಕು. ಕವಚವಿಲ್ಲದ ಫ್ಯಾನು ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ಪಕ್ಕದಲ್ಲಿ ಸುಲಭವಾಗಿ ಸಿಕ್ಕ ಬಿಸಿಗಾಳಿಯನ್ನೇ ತಿರುಗಿಸುತ್ತಿರುತ್ತದೆ.

ಚನ್ನರಾಯಪಟ್ಟಣದ ಕಡೆಯ ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ 75 ಕೇಳುವುದು ಹರಿವಿನ ಪ್ರಶ್ನೆ. ಅಲ್ಲಿ ಗಾಳಿಗೆ ಬರವಿಲ್ಲ. ಒಂದೇ ಸಮ ಓಡುವಾಗ ಡಿಗ್ರಿ ನಿಧಾನವಾಗಿ ಏರುತ್ತಾ ಹೋದರೆ ನೀರು ಸರಿಯಾಗಿ ಸುತ್ತುತ್ತಿಲ್ಲ ಎಂದರ್ಥ. ಅರ್ಧ ತೆರೆದು ಸಿಕ್ಕಿಕೊಂಡ ಥರ್ಮೋಸ್ಟಾಟ್, ರೆಕ್ಕೆ ಸವೆದ ವಾಟರ್ ಬಾಡಿ, ಒಳಗೆ ಸುಣ್ಣ ಕಟ್ಟಿದ ರೇಡಿಯೇಟರ್, ಇವುಗಳಲ್ಲಿ ಒಂದು. ಬೋರ್‌ವೆಲ್ ನೀರನ್ನೇ ವರ್ಷಗಟ್ಟಲೆ ಸುರಿದ ಗಾಡಿಯ ರೇಡಿಯೇಟರ್ ಬಿಚ್ಚಿ ನೋಡಿ. ನೀರು ಕಾಯಿಸುವ ಹಂಡೆಯ ಒಳಮೈಯಂತೆಯೇ ಇರುತ್ತದೆ.

ಅರಕಲಗೂಡಿನ ರಸ್ತೆ ಕೇಳುವುದು ಸುಗ್ಗಿಯ ಪ್ರಶ್ನೆ. ಡಿಸೆಂಬರ್, ಜನವರಿ ಬಂತೆಂದರೆ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಸೊಪ್ಪು ಹಾಸಿರುತ್ತಾರೆ, ಬಂದ ಗಾಡಿಗಳೇ ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಹೊಟ್ಟು ಹಾರಿ ಬಂಪರಿನ ಜಾಲರಿಯಿಂದ ಒಳಗೆ ನುಗ್ಗುತ್ತದೆ. ಮಾಮೂಲಿ ಕಾರಿನಲ್ಲಿ ಅದು ಏಸಿ ಕಂಡೆನ್ಸರಿನ ಮುಂದೆ ನಿಲ್ಲುತ್ತದೆ, ಬ್ರಷ್ ಹಾಕಿ ಗುಡಿಸಬಹುದು. ಮುಂದೆ ಇಂಟರ್‌ಕೂಲರ್ ಕಟ್ಟಿದ ಕಾರಿನಲ್ಲಿ ಹೊಟ್ಟು ಅದರ ಸಂದಿಯಿಂದ ಜಾರಿ ಹಿಂದಿನ ಪದರಗಳ ನಡುವೆ ಸೇರಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಥಳಥಳ, ಒಳಗೆ ಕಂಬಳಿ ಹೊದ್ದ ರೇಡಿಯೇಟರ್. ಹುಲ್ಲು ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿಯ ಭಯ ಬೇರೆ.

ಕೊನೆಯ ಪ್ರಶ್ನೆ ಶಿರಾಡಿಯದು. ಗುಂಡ್ಯ ಬಿಟ್ಟು ಮಾರನಹಳ್ಳಿ, ದೋಣಿಗಾಲ್ ಕಡೆಗೆ ಏರುವಾಗ ಮುಂದೆ ಲಾರಿ ಸಾಲು, ಎರಡನೇ ಗೇರು, ಏಸಿ ಚಾಲೂ. ಇಂಜಿನ್ನಿನ ಮೇಲೆ ಪೂರ್ತಿ ಹೊರೆ, ಎದುರು ಗಾಳಿ ಇಲ್ಲವೇ ಇಲ್ಲ. ಊರಿನಲ್ಲಿ ಮುಚ್ಚಿಟ್ಟುಕೊಂಡದ್ದೆಲ್ಲ ಅಲ್ಲಿ ಬಯಲಾಗುತ್ತದೆ.

ವಾರದ ನಂತರ ಹುಡುಗನ ಚೀಟಿ ಬಂತು. ಎನ್.ಆರ್. ವೃತ್ತದಲ್ಲಿ 104 ಮುಟ್ಟಿ ಇಳಿಯುತ್ತದೆ. ಚನ್ನರಾಯಪಟ್ಟಣದವರೆಗೆ 93ರಲ್ಲಿ ಅಲುಗಾಡದೆ ನಿಂತಿತ್ತು. ನಿಧಾನವಾಗಿ ಓಡಾಡಿದ ದಿನಗಳಲ್ಲಿ ತೊಟ್ಟಿಯ ಮಟ್ಟ ಇಳಿದೇ ಇಲ್ಲ. ಗೆಳೆಯರ ಜೊತೆ ಸಕಲೇಶಪುರದ ಕಡೆ ಜೋರಾಗಿ ಓಡಿಸಿ ಬಂದ ಮಾರನೆಯ ದಿನ ಮಾತ್ರ ಕಾಲು ಲೀಟರ್ ಕಡಿಮೆ. ಚೀಟಿಯ ಕೊನೆಯಲ್ಲಿ ಅವನೇ ಒಂದು ಸಾಲು ಸೇರಿಸಿದ್ದ: "ಆವತ್ತು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ನಿಮಿಷ ನಡುಗ್ತು, ಆಮೇಲೆ ಸರಿಹೋಯ್ತು."

ಈ ಚೀಟಿ ಹಿಡಿದು ನಾವು ಹೋದದ್ದು ಹಾಸನದ ತಣ್ಣೀರುಹಳ್ಳದ ಕಡೆ ಇರುವ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ. ಬಡಾವಣೆಯ ಹೆಸರೇ ಶುಭಶಕುನ ಅಂದುಕೊಂಡೆ. ಅವರು ಚೀಟಿ ಓದಿ, "ಅರ್ಧ ಕೆಲಸ ನೀವೇ ಮಾಡ್ಕೊಂಡ್ ಬಂದಿದ್ದೀರಿ ಸಾರ್" ಅಂದರು. ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ಮುಟ್ಟಲಿಲ್ಲ. ಬಿಸಿಯಲ್ಲಿ ಮುಚ್ಚಳ ತಿರುಗಿಸಿದರೆ ಒತ್ತಡ ತಟ್ಟನೆ ಇಳಿದು, ಕುದಿಯಲು ಕಾಯುತ್ತಿದ್ದ ನೀರು ಒಂದೇ ಏಟಿಗೆ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಈ ಒಂದು ಎಚ್ಚರಿಕೆಯನ್ನು ಓದುಗರು ಉಳಿದೆಲ್ಲ ಮರೆತರೂ ನೆನಪಿಡಬೇಕು.

ಮೊದಲು ಕಣ್ಣಿನ ಪರೀಕ್ಷೆ. ಟರ್ಬೊಗೆ ಹೋಗುವ ಸಣ್ಣ ನೀರಿನ ಕೊಳವೆಗಳ ಜಾಯಿಂಟಿಗೆ ಟಾರ್ಚ್ ಬಿಟ್ಟು ನೋಡಿದರು. ಅಲ್ಲಿ ಸೋರಿದರೆ ನೆಲಕ್ಕೆ ಬೀಳುವ ಮೊದಲೇ ಆವಿಯಾಗಿ, ಬಿಳಿ ಅಥವಾ ಗುಲಾಬಿ ಬಣ್ಣದ ಕರಟು ಮಾತ್ರ ಉಳಿಯುತ್ತದೆ. ಟರ್ಬೊ ಕೆಲಸ ಮಾಡಿದವರು ಹಳೆಯ ವಾಷರನ್ನೇ ಮತ್ತೆ ಹಾಕಿದ್ದರೆ ಹೀಗಾಗುವುದುಂಟು. ಶಾಖ ತಡೆಯುವ ತಗಡನ್ನು ತೆಗೆದು ಡೌನ್‌ಪೈಪ್ ಕೂರಿಸಿದ್ದರೆ ಹತ್ತಿರದ ರಬ್ಬರ್ ಪೈಪ್ ಬೆಂದು ಬಿರುಕು ಬಿಟ್ಟಿರುತ್ತದೆ. ಇಲ್ಲಿ ಎರಡೂ ಇರಲಿಲ್ಲ. ಎಣ್ಣೆ ತುಂಬುವ ಮುಚ್ಚಳದ ಒಳಗೆ ಮಜ್ಜಿಗೆಯಂಥ ನೊರೆ ಇಲ್ಲ. ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಒಣಗಿದೆ, ಅಂದರೆ ಹೀಟರ್ ಸೋರುತ್ತಿಲ್ಲ.

ಎರಡನೆಯದು ಒತ್ತಡದ ಪರೀಕ್ಷೆ. ಮುಚ್ಚಳದ ಜಾಗಕ್ಕೆ ಕೈಪಂಪ್ ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಇಪ್ಪತ್ತು ನಿಮಿಷ ಬಿಟ್ಟರು. ಮುಳ್ಳು ಕದಲಲಿಲ್ಲ. ಮೂರನೆಯದು ಬಣ್ಣದ ಪರೀಕ್ಷೆ. ಒಂದು ಗಾಜಿನ ಕೊಳವೆಯಲ್ಲಿ ನೀಲಿ ದ್ರವ ಹಾಕಿ, ಇಂಜಿನ್ ಓಡುತ್ತಿರುವಾಗ ಕೂಲೆಂಟ್ ತೊಟ್ಟಿಯ ಮೇಲಿನ ಗಾಳಿಯನ್ನು ಅದರೊಳಗೆ ಎಳೆಯುತ್ತಾರೆ. ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದ್ದರೆ ಅದರಲ್ಲಿನ ಇಂಗಾಲದ ಡೈಆಕ್ಸೈಡಿಗೆ ನೀಲಿ ಹಳದಿಯಾಗುತ್ತದೆ. ಇಲ್ಲಿ ನೀಲಿ ನೀಲಿಯಾಗಿಯೇ ಉಳಿಯಿತು. ಎಲ್ಲ ಪರೀಕ್ಷೆ ಪಾಸು. ಹೆಚ್ಚಿನ ಕಡೆ ಇಲ್ಲಿಗೆ ನಿಲ್ಲಿಸಿ, 'ಏನೂ ಇಲ್ಲ, ಓಡಿಸ್ಕೊಳಿ' ಅನ್ನುತ್ತಾರೆ.

ಮೆಕ್ಯಾನಿಕ್ ನಿಲ್ಲಿಸಲಿಲ್ಲ. "ಶೆಡ್ಡಲ್ಲಿ ನಿಂತಿರೋ ಇಂಜಿನ್ನಿಗೆ ಟರ್ಬೊ ಒತ್ತಡ ಎಲ್ಲಿಂದ ಬತ್ತದೆ? ರೋಗ ಬರೋ ಜಾಗಕ್ಕೇ ಹೋಗಿ ನೋಡ್ಬೇಕು" ಅಂದರು. ಕೂಲೆಂಟ್ ಪೈಪಿಗೆ ಒತ್ತಡದ ಗೇಜೊಂದನ್ನು ಜೋಡಿಸಿ, ಅದರ ಮುಳ್ಳು ಒಳಗೆ ಕೂತವರಿಗೆ ಕಾಣುವಂತೆ ಮಾಡಿ, ಮೂವರೂ ಶಿರಾಡಿಗೆ ಹೋದೆವು. ಇಳಿದು, ಗಾಡಿ ತಣಿಸಿ, ಮತ್ತೆ ಏರತೊಡಗಿದೆವು. ಆರೋಗ್ಯವಂತ ಗಾಡಿಯಲ್ಲಿ ನೀರು ಬಿಸಿಯಾದಂತೆ ಹಿಗ್ಗಿ ಒತ್ತಡ ನಿಧಾನವಾಗಿ ಏರುತ್ತದೆ. ಡಿಗ್ರಿ ಮುಂದೆ, ಒತ್ತಡ ಹಿಂದೆ. ಇಲ್ಲಿ ಹುಡುಗ ಆಕ್ಸಿಲರೇಟರ್ ಅದುಮಿದ ಕ್ಷಣವೇ ಒತ್ತಡದ ಮುಳ್ಳು ಜಿಗಿಯಿತು, ಮೊಬೈಲಿನಲ್ಲಿ ಡಿಗ್ರಿ ಇನ್ನೂ 91. ಕಾಲು ತೆಗೆದರೆ ಮುಳ್ಳು ನಿಂತಲ್ಲೇ ನಿಲ್ಲುತ್ತಿತ್ತು, ಮತ್ತೆ ಅದುಮಿದರೆ ಇನ್ನೊಂದು ಜಿಗಿತ. ಬಿಸಿಯಾಗುವ ಮೊದಲೇ ಒತ್ತಡ ಬಂದಿದೆ ಎಂದರೆ ಅದು ನೀರಿನ ಒತ್ತಡವಲ್ಲ, ಸಿಲಿಂಡರಿನಿಂದ ನುಗ್ಗಿದ ಹೊಗೆಯದು. ಏರು ಮುಗಿದ ಮೇಲೆ ಜಾಗ ನೋಡಿ ನಿಲ್ಲಿಸಿ, ಒತ್ತಡವನ್ನು ಗೇಜಿನ ವಾಲ್ವಿನಿಂದ ಮೆಲ್ಲಗೆ ಬಿಟ್ಟು, ಅದೇ ನೀಲಿ ದ್ರವದ ಪರೀಕ್ಷೆ ಮತ್ತೆ ಮಾಡಿದರು. ಈ ಸಲ ಅದು ಹಳದಿಯಾಯಿತು.

ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಬಿಚ್ಚಿದಾಗ ಕಥೆ ಪೂರ್ತಿ ತೆರೆಯಿತು. ಎರಡನೇ ಸಿಲಿಂಡರಿನ ಅಂಚಿನಿಂದ ನೀರಿನ ತೂತಿನವರೆಗೆ, ಹೆಡ್ಡಿನ ಅಡಿಯ ಗ್ಯಾಸ್ಕೆಟ್ಟಿನ ಮೇಲೆ ಕಪ್ಪು ಗೆರೆ. ಹೆಡ್ಡಿನ ಮೇಲೆ ಉಕ್ಕಿನ ನೇರಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದರೆ ನಡುವೆ 0.1 ಮಿಲಿಮೀಟರ್ ಎಲೆ ಸಲೀಸಾಗಿ ಹೋಯಿತು. ಅಲ್ಯೂಮಿನಿಯಂ ಹೆಡ್ಡಿಗೆ 0.05 ದಾಟಿದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹದವಾಗಿ ಓಡಿಸಿದರೆ ಬೋಲ್ಟುಗಳು ಹೆಡ್ಡನ್ನು ಒತ್ತಿಹಿಡಿಯುತ್ತಿದ್ದವು. ಏರಿಸಿದ ಟರ್ಬೊ ಒತ್ತಡ ಪೂರ್ತಿ ಬಂದಾಗ ಹೆಡ್ಡು ಕೂದಲೆಳೆಯಷ್ಟು ಮೇಲೆದ್ದು ಹೊಗೆಯನ್ನು ನೀರಿಗೆ ಬಿಡುತ್ತಿತ್ತು. ಹೊಗೆಯ ಒತ್ತಡಕ್ಕೆ ಮುಚ್ಚಳ ತೆರೆದು ನೀರು ಹೊರಗೆ ಹಾರುತ್ತಿತ್ತು. ಗಾಡಿ ನಿಂತ ಮೇಲೆ ಅದೇ ಬಿರುಕಿನಿಂದ ಒಂದೆರಡು ಹನಿ ಸಿಲಿಂಡರಿಗೆ ಇಳಿಯುತ್ತಿತ್ತು. ಬೆಳಗಿನ ನಡುಕ ಅದರದೇ.

ಹೆಡ್ಡು ಬಾಗಿದ್ದು ಯಾಕೆ? ರೇಡಿಯೇಟರ್ ಇಳಿಸಿದಾಗ ಉತ್ತರ ಸಿಕ್ಕಿತು. ಇಂಟರ್‌ಕೂಲರ್ ಕೂರಿಸಲು ಜಾಗ ಸಾಲದೆ ಫ್ಯಾನಿನ ಕವಚವನ್ನು ತೆಗೆದುಹಾಕಿದ್ದರು. ಇಂಟರ್‌ಕೂಲರಿಗೂ ರೇಡಿಯೇಟರಿಗೂ ನಡುವೆ ಎರಡು ಹಿಡಿಯಷ್ಟು ಹುರುಳಿ ಹೊಟ್ಟು. "ಹೋದ ಸುಗ್ಗೀಲಿ ಕೊಣನೂರಿಂದ ಬರೋವಾಗ ಒಂದ್ಸಲ ಕೆಂಪು ಲೈಟ್ ಬಂದಿತ್ತು" ಎಂದು ಆಗ ಬಾಯಿಬಿಟ್ಟ. ಹತ್ತು ನಿಮಿಷ ನಿಲ್ಲಿಸಿ, ಯಾವುದೋ ಕೊಳಾಯಿಯ ತಣ್ಣೀರು ಸುರಿದು, ಊರು ಸೇರಿದ್ದನಂತೆ. ಹೆಡ್ಡು ಬಾಗಿದ್ದು ಆವತ್ತು. ಹಾಗಾದರೆ ಬೀಜ ಯಾವುದು, ಮರ ಯಾವುದು? ಮೊದಲು ಬಿಸಿ, ಅದರಿಂದ ನೀರು, ನೀರಿನಿಂದ ಮತ್ತೆ ಬಿಸಿ. ಗ್ಯಾಸ್ಕೆಟ್ ಮಾತ್ರ ಬದಲಿಸಿ ಕವಚವನ್ನೂ ಹೊಟ್ಟನ್ನೂ ಹಾಗೇ ಬಿಟ್ಟಿದ್ದರೆ, ಬರುವ ಸುಗ್ಗಿಗೆ ಮತ್ತೆ ಇದೇ ಬೆಂಚಿನ ಮೇಲೆ ಇದೇ ಹೆಡ್ಡು ಇರುತ್ತಿತ್ತು.

ರಿಪೇರಿಯನ್ನು ಚುಟುಕಾಗಿ ಹೇಳುತ್ತೇನೆ. ಲೇಥ್ ಅಂಗಡಿಯಲ್ಲಿ ಹೆಡ್ ಫೇಸಿಂಗ್ ಆಯಿತು. ಗ್ಯಾಸ್ಕೆಟ್ ಹೊಸದು, ಹೆಡ್ ಬೋಲ್ಟುಗಳೂ ಹೊಸವು. ಅವು ಒಮ್ಮೆ ಬಿಗಿದರೆ ಹಿಗ್ಗುವ ಜಾತಿಯವು, ಮತ್ತೆ ಬಳಸಬಾರದು. ಇಂಟರ್‌ಕೂಲರನ್ನು ಕೆಳಕ್ಕಿಳಿಸಿ ಫ್ಯಾನಿನ ಕವಚ ವಾಪಸ್ ಬಂತು. ಅರ್ಧ ಡಿಸ್ಟಿಲ್ಡ್ ನೀರು, ಅರ್ಧ ಕಂಪನಿ ಹೇಳಿದ ಜಾತಿಯ ಕೂಲೆಂಟ್. ಬಣ್ಣ ನೋಡಿ ಕೂಲೆಂಟ್ ಬೆರೆಸಬಾರದು. ಒಂದೇ ಬಣ್ಣದ ಎರಡು ಡಬ್ಬಿಯಲ್ಲಿ ಬೇರೆ ಬೇರೆ ರಸಾಯನ ಇರಬಹುದು, ಬೆರೆತರೆ ಒಳಗೆ ಗಸಿ ಕಟ್ಟಬಹುದು. ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಪೂರ್ತಿ ಹೊರಗೆ ಬಿಟ್ಟರು. ಅದನ್ನು ಮರೆತರೆ ಗಾಳಿಗುಳ್ಳೆ ಹೆಡ್ಡಿನಲ್ಲಿ ಕೂತು, ಹೊಸ ರಿಪೇರಿಯನ್ನು ಮೊದಲ ದಿನವೇ ಸುಟ್ಟುಬಿಡುತ್ತದೆ.

ಮೊದಲ ನಾಲ್ಕು ಸಲಹೆಗಳು ಏನಾಗುತ್ತಿದ್ದವು? ಥರ್ಮೋಸ್ಟಾಟ್ ತೆಗೆದಿದ್ದರೆ ಇಂಜಿನ್ ಊರೊಳಗೆ ಕಾವೇರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿತ್ತು, ಘಾಟಿಯಲ್ಲಿ ಹೊಗೆ ನುಗ್ಗುವುದೇನೂ ನಿಲ್ಲುತ್ತಿರಲಿಲ್ಲ. ಹೊಸ ವಾಟರ್ ಬಾಡಿಯ ದುಡ್ಡು ದಂಡ. ಸೋರಿಕೆ ಮುಚ್ಚುವ ಡಬ್ಬಿಯೂ ಅರಿಶಿನವೂ ಬಿರುಕಿನ ಜೊತೆ ಹೀಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತಿದ್ದವು. ಕಾಡಿನ ನಡುವೆ ನಿಂತ ಹಳೇ ಲಾರಿಯನ್ನು ಮುಂದಿನ ಊರು ಮುಟ್ಟಿಸಲು ಅರಿಶಿನ ಸರಿ. ಅದಕ್ಕಿಂತ ಹೆಚ್ಚು ಕೇಳಿದರೆ ಅದು ಸಾರಿಗೇ ವಾಸಿ.

ಮ್ಯಾಪಿನ ವಿಷಯಕ್ಕೆ ಮಾತು ಬಂದಾಗ ಮಾವನಾಗಿ ಒಂದು ಬುದ್ಧಿಮಾತು ಹೇಳಲೇಬೇಕಾಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಂದ ಗಾಡಿಯನ್ನು ಬೇರೆ ಮಾಡುವ ಬದಲಾವಣೆಗೆ ಅವಕಾಶ ಕೊಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ವಾರಂಟಿ, ವಿಮೆ ಎರಡಕ್ಕೂ ತೊಡಕು. ಹುಡುಗ ತಲೆ ತಗ್ಗಿಸಿ ಕೇಳಿಸಿಕೊಂಡ. ಕಾನೂನಿಗಿಂತ ಹೆಚ್ಚಾಗಿ ಬೆಂಚಿನ ಮೇಲೆ ಅಂಗಾತ ಮಲಗಿದ್ದ ಹೆಡ್ಡೇ ಅವನಿಗೆ ಬುದ್ಧಿ ಹೇಳಿರಬೇಕು. ಕಂಪನಿ ಮ್ಯಾಪನ್ನೇ ವಾಪಸ್ ಹಾಕಿಸಿದ.

ಇದಾಗಿ ಎರಡು ತಿಂಗಳ ಮೇಲೆ ಒಂದು ಭಾನುವಾರ ಮತ್ತೆ ಫೋನ್. ಸುಗ್ಗಿಯ ಕಾಲ, ರಸ್ತೆ ತುಂಬ ಹುರುಳಿ. ಎದೆ ಧಸಕ್ಕೆಂದಿತು. "ಮಾವ, ಬೆಳಗ್ಗೆ ತಣ್ಣಗಿದ್ದಾಗ ನೋಡ್ದೆ, ಮಟ್ಟ ಇದ್ದಲ್ಲೇ ಅದೆ. ಜಾಲರಿ ಬಿಚ್ಚಿ ಹೊಟ್ಟೂ ತೆಗ್ದೆ" ಅಂದ. ಹಾಗಾದರೆ ಫೋನ್ ಯಾಕೋ ಅಂದೆ.

"ಅಮ್ಮ ಅವರೇಕಾಳು ಸಾರು ಮಾಡವ್ಳೆ. ಬತ್ತೀಯಾ?"